ದ್ರಾಸ್‌ನಲ್ಲಿ ಕಂಡ ಹಿತ್ತಾಳೆ ಲೋಟ

ನಾಗಸಂದ್ರದವರೆಗೆ ಮೆಟ್ರೊ ಓಡಲು ಶುರುವಾದ ವರ್ಷ ನಾನೂ ಅಮ್ಮನೂ ದ್ರಾಸ್‌ಗೆ ಹೋದೆವು. ನನ್ನ ತಮ್ಮ ಆಗ ಸೈನ್ಯದ ಫಿರಂಗಿ ದಳದಲ್ಲಿ ಹವಾಲ್ದಾರ. ಅವನ ತುಕಡಿ ಕಾರ್ಗಿಲ್ ಕಡೆ ಇತ್ತು. "ಅಮ್ಮಂಗೆ ಒಂದ್ಸಲ ನಾನಿರೋ ಜಾಗ ತೋರಿಸ್ಬೇಕು ಅಕ್ಕ, ಮಂಡಿ ಗಟ್ಟಿ ಇರೋವಾಗ್ಲೇ ಕರ್ಕೊಂಡ್ ಬಾ" ಎಂದು ಎರಡು ವರ್ಷದಿಂದ ಫೋನಿನಲ್ಲಿ ಹೇಳುತ್ತಲೇ ಇದ್ದ. ಅಮ್ಮ ಹುಟ್ಟಿದ್ದೂ ಮದುವೆಯಾಗಿ ಬಂದದ್ದೂ ಬಾಗಲಗುಂಟೆಯ ಆಸುಪಾಸಿನಲ್ಲೇ. ಅದುವರೆಗೆ ಅವಳು ನೋಡಿದ್ದ ಅತಿ ದೂರದ ಊರೆಂದರೆ ತಿರುಪತಿ.

ತಮ್ಮ ರಜೆ ಹಾಕಿ ಶ್ರೀನಗರಕ್ಕೆ ಬಂದು ನಮ್ಮನ್ನು ಬಾಡಿಗೆ ಜೀಪಿನಲ್ಲಿ ಕರೆದುಕೊಂಡು ಹೋದ. ಜೋಜಿ ಲಾ ಎಂಬ ಕಣಿವೆ ದಾಟುವಾಗ ರಸ್ತೆ ಅನ್ನುವುದು ಬೆಟ್ಟಕ್ಕೆ ಅಂಟಿದ ಕೆಸರಿನ ಪಟ್ಟಿಯಾಗಿತ್ತು. ಎದುರಿಗೆ ಲಾರಿ ಬಂದಾಗ ನಮ್ಮ ಜೀಪು ಅಂಚಿಗೆ ಸರಿದು ನಿಂತಿತು. ನನ್ನ ಕಿಟಕಿಯಿಂದ ಕೆಳಗೆ ನೋಡಿದರೆ ನೆಲವೇ ಕಾಣಲಿಲ್ಲ. "ಅಯ್ಯೋ ಸಿವನೇ, ಇಂಗೂ ರೋಡ್ ಮಾಡ್ತಾರಾ?" ಎಂದು ಅಮ್ಮ ಕಣ್ಣು ಮುಚ್ಚಿ ನನ್ನ ಮುಂಗೈ ಹಿಡಿದವಳು ಇಳಿಜಾರು ಮುಗಿಯುವ ತನಕ ಬಿಡಲಿಲ್ಲ. ಬಳೆಯೊಂದು ಒಡೆಯಿತು. ಈ ಪ್ರಯಾಣದಲ್ಲಿ ಪಡಬೇಕಾದ ಭಯ ಇಷ್ಟೇ, ಮುಗಿಯಿತು ಅಂದುಕೊಂಡೆ.

ದ್ರಾಸ್ ಸಣ್ಣ ಊರು. ಒಂದು ಬೀದಿ, ಎರಡೂ ಬದಿಗೆ ಅಂಗಡಿ, ಸುತ್ತ ಒಂದು ಮರವೂ ಇಲ್ಲದ ಬೆಟ್ಟಗಳು. ಊರಾಚೆ ಯುದ್ಧ ಸ್ಮಾರಕ. ಅದರ ಬೆನ್ನಿಗೇ ಸೈನಿಕರು ಗುಂಡಿನ ಮಳೆಯಲ್ಲಿ ಹತ್ತಿ ಗೆದ್ದ ಬೆಟ್ಟ ನಿಂತಿದೆ. ಸಮವಸ್ತ್ರದ ಒಬ್ಬ ಯೋಧ ಬಂದವರನ್ನೆಲ್ಲ ಕೂರಿಸಿ, ಯಾವ ಶಿಖರದ ಮೇಲೆ ಶತ್ರು ಕೂತಿದ್ದ, ನಮ್ಮವರು ಯಾವ ಬಂಡೆ ಹಿಡಿದು ಹತ್ತಿದರು ಎಂದು ಕೈ ತೋರಿಸಿ ಹಿಂದಿಯಲ್ಲಿ ಹೇಳುತ್ತಿದ್ದ. ಹೆದ್ದಾರಿ ಪೂರ್ತಿ ಮೇಲಿನವರ ಕಣ್ಣಿಗೆ ಬೀಳುತ್ತಿತ್ತಂತೆ. ನಾವು ಜೀಪಿನಲ್ಲಿ ಕಡಲೆಕಾಯಿ ತಿನ್ನುತ್ತ ಬಂದ ಹೆದ್ದಾರಿ ಅದೇ. ಅದನ್ನು ಕೇಳಿದ ಮೇಲೆ ನನಗೆ ಆ ಶಿಖರಗಳ ಕಡೆಗೆ ಬೆನ್ನು ಹಾಕಿ ನಿಲ್ಲಲು ಆಗಲಿಲ್ಲ.

ಸತ್ತವರ ಹೆಸರುಗಳನ್ನು ಕೆತ್ತಿದ ಗೋಡೆಯ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. ಅವಳಿಗೆ ಇಂಗ್ಲಿಷ್ ಓದಲು ಬರದು. "ನಮ್ ಕಡೆಯೋರು ಅವ್ರಾ ನೋಡು" ಅಂದಳು. ನಾನು ಹುಡುಕಿ, ನಮ್ಮ ಕಡೆಯವರದು ಅನ್ನಿಸಿದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಅವಳು ಪ್ರತಿ ಹೆಸರಿನ ಮೇಲೂ ಬೆರಳಿಟ್ಟು ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗೋಡೆಯ ಕೊನೆಗೆ ಹೋಗಿ ನಿಂತು, ತಮ್ಮನಿಗೆ ಕೇಳದ ಹಾಗೆ ನನ್ನ ಕಿವಿಯಲ್ಲಿ ಹೇಳಿದಳು: "ಇನ್ನೂ ಎಸ್ರು ಬರೆಯಾಕೆ ಜಾಗ ಬಿಟ್ಟವ್ರಲ್ಲೇ."

ನಾನು ಅವಳ ಭುಜ ಹಿಡಿದು ಅಲ್ಲಿಂದ ಕರೆದುಕೊಂಡು ಬಂದೆ.

ಅಲ್ಲೇ ಒಂದು ಕಡೆ ಪ್ರದರ್ಶನದ ಕೋಣೆ. ಒಳಗೆ ಫೋಟೊಗಳು, ತೂತು ಬಿದ್ದ ಹೆಲ್ಮೆಟ್ಟು, ಶತ್ರುಗಳಿಂದ ವಶಪಡಿಸಿಕೊಂಡ ಬಂದೂಕುಗಳು, ಮನೆಗೆ ಬರೆದ ಕಾಗದಗಳು. ಕೊನೆಯ ಗಾಜಿನ ಪೆಟ್ಟಿಗೆಯಲ್ಲಿ ಒಂದು ಶೆಲ್ ಇಟ್ಟಿದ್ದರು. ಫಿರಂಗಿಯಿಂದ ಹಾರಿಸುವ ಗುಂಡು, ನನ್ನ ತೊಡೆಯಷ್ಟು ದಪ್ಪ. ಒಳಗಿನದೆಲ್ಲ ಕಾಣಲಿ ಎಂದು ಉದ್ದಕ್ಕೆ ಸೀಳಿ ಇಟ್ಟಿದ್ದರು. ತಮ್ಮನಿಗೆ ಅದು ತನ್ನ ಕಸುಬು. ಹೆಮ್ಮೆಯಿಂದ ಅಮ್ಮನಿಗೆ ವಿವರಿಸತೊಡಗಿದ. "ಇಲ್ಲಿ ನೋಡಮ್ಮ, ಇದು ಮದ್ದು ತುಂಬೋ ಜಾಗ. ಈ ತುದೀಲಿ ಇರೋದು ಫ್ಯೂಸು. ಎಲ್ಲಿ ಸಿಡೀಬೇಕು, ಯಾವಾಗ ಸಿಡೀಬೇಕು ಅನ್ನೋದೆಲ್ಲ ಇದರ ಕೈಲೇ."

ನಾನು ಬಗ್ಗಿ ನೋಡಿದೆ. ಆ ತುದಿಯೊಳಗೆ, ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ಚೂರೊಂದಿತ್ತು. ಹೊರಗೆ ಮರೆ, ಅಂದರೆ ತಿರುಪಿನ ಸುತ್ತುಗಳು, ಮೇಲೆ ದಪ್ಪ ಅಂಚು, ಅಂಚಿನಲ್ಲಿ ಮೂರು ಕಚ್ಚು, ತಳದಲ್ಲಿ ಓರೆಯಾದ ಸಣ್ಣ ತೂತು. ಕಣ್ಣು ಕಟ್ಟಿ ಕೈಗೆ ಕೊಟ್ಟರೂ ನಾನು ಅದನ್ನು ಗುರುತಿಸುತ್ತಿದ್ದೆ. ನಾವು ಅದನ್ನು ಲೋಟ ಎಂದು ಕರೆಯುತ್ತಿದ್ದೆವು.

ಅಪ್ಪ ತೀರಿಕೊಂಡ ಮೇಲೆ ನಾನು ಪೀಣ್ಯದ ಎರಡನೇ ಹಂತದಲ್ಲಿ ಒಂದು ಲೇತ್ ವರ್ಕ್‌ಶಾಪಿಗೆ ಸೇರಿದ್ದೆ. ಮೆಷಿನ್ ಓಡಿಸುವವರೆಲ್ಲ ಗಂಡಸರು. ಮಾಡಿದ ಮಾಲನ್ನು ಅಳೆದು ನೋಡುವ ಮೇಜಿನಲ್ಲಿ ನಾವು ಐವರು ಹೆಂಗಸರು. ಎರಡು ವರ್ಷ ನಾವು ಅಳೆದದ್ದು ಹೆಚ್ಚಾಗಿ ಈ ಲೋಟಗಳನ್ನೇ. ಅದು ಯಾವುದರ ಭಾಗ ಎಂದು ನಮಗೆ ಯಾರೂ ಹೇಳಿರಲಿಲ್ಲ. ಪಂಪಿನದಿರಬೇಕು ಎಂದುಕೊಂಡಿದ್ದೆವು. ಮರೆ ಸರಿಯಾಗಿದೆಯೇ ಎಂದು ನೋಡಲು ಎರಡು ಉಕ್ಕಿನ ಉಂಗುರ ಕೊಟ್ಟಿದ್ದರು. ಒಂದರ ಹೆಸರು ಗೋ, ಅದು ಪೂರ್ತಿ ತಿರುಗಿ ಕೂರಬೇಕು. ಇನ್ನೊಂದು ನೋ-ಗೋ, ಅದು ಹತ್ತಲೇಬಾರದು. ಹತ್ತಿದರೆ ಮರೆ ಸಡಿಲ ಎಂದು ಅರ್ಥ. ಆ ಪೀಸು ಕೆಂಪು ಡಬ್ಬಕ್ಕೆ.

ಒಂದು ದಿನ ಮಧ್ಯಾಹ್ನದ ಮೇಲೆ ನನ್ನ ಮುಂದೆ ಬಂದ ಟ್ರೇಯಲ್ಲಿ ನೋ-ಗೋ ಉಂಗುರ ಸಲೀಸಾಗಿ ಹತ್ತತೊಡಗಿತು. ಒಂದಲ್ಲ, ಎರಡಲ್ಲ, ಎತ್ತಿಕೊಂಡದ್ದಕ್ಕೆಲ್ಲ. ಎದ್ದು ಹೋಗಿ ಸೂಪರ್‌ವೈಸರಿಗೆ ತೋರಿಸಿದೆ. ಅವರು ಒಳ್ಳೆಯ ಮನುಷ್ಯ, ಎಂದೂ ನಮ್ಮ ಮೇಲೆ ದನಿ ಎತ್ತಿದವರಲ್ಲ. ಒಂದು ಲೋಟವನ್ನು ತಾವೇ ತಿರುಗಿಸಿ ನೋಡಿ, ಬೆವರು ಒರೆಸಿಕೊಂಡು, "ಟೆಂಪೊ ಬಾಗಿಲಲ್ಲಿ ನಿಂತಿದೆ ಕಣಮ್ಮಾ. ಇವತ್ತು ಮಾಲು ಹೋಗ್ಲಿಲ್ಲ ಅಂದ್ರೆ ಓನರ್ ನಂಗೂ ನಿಂಗೂ ಬಾಗಿಲು ತೋರಿಸ್ತಾನೆ. ಪಾಸ್ ಮಾಡು" ಅಂದರು. ನಾನು ಇನ್ನೊಂದು ಲೋಟಕ್ಕೆ ಉಂಗುರ ಹತ್ತಿಸಿ ತೋರಿಸಿದೆ. "ಒಂದೆರಡು ಸುತ್ತು ಜಾಸ್ತಿ ಹೋದ್ರೆ ಏನಾಗುತ್ತೆ?" ಎಂದರು. ಏನಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಮಾಲು ಸರಿ ಇದೆ ಎನ್ನುವ ಹಾಳೆಯ ಕೆಳಗೆ ಸಹಿ ಹಾಕಿದೆ. ತಮ್ಮ ಆಗಷ್ಟೇ ಸೈನ್ಯಕ್ಕೆ ಸೇರಿ ನಾಸಿಕ್‌ನಲ್ಲಿ ತರಬೇತಿಯಲ್ಲಿದ್ದ. ಕೆಲವು ತಿಂಗಳಲ್ಲಿ ಆ ಮಾಲು ಬರುವುದೇ ನಿಂತಿತು. ನಮ್ಮ ಮೇಜಿನ ಐವರಿಗೂ ಕೆಲಸ ಹೋಯಿತು. ನಾನು ಬೇರೆ ಕಡೆ ಸೇರಿಕೊಂಡೆ, ಆ ಟ್ರೇಯನ್ನು ಮರೆತೂ ಬಿಟ್ಟೆ.

ಈಗ ಗಾಜಿನ ಪೆಟ್ಟಿಗೆಗೆ ಮುಖ ಹತ್ತಿರ ತಂದು ಆ ಮರೆಯನ್ನೇ ಮತ್ತೆ ನೋಡಿದೆ.

"ಈ ಫ್ಯೂಸು ಸರಿ ಇಲ್ಲ ಅಂದ್ರೆ ಏನಾಗುತ್ತೆ?" ಎಂದು ತಮ್ಮನನ್ನು ಕೇಳಿದೆ.

"ಒಂದೋ ಬಿದ್ದಲ್ಲಿ ಸಿಡಿಯಲ್ಲ. ಇಲ್ಲಾ, ಸಿಡೀಬಾರದ ಕಡೆ ಸಿಡಿಯುತ್ತೆ," ಎಂದ. ಆಮೇಲೆ ಅಮ್ಮ ಮುಂದಿನ ಫೋಟೊ ನೋಡುತ್ತಿದ್ದುದನ್ನು ಖಚಿತ ಮಾಡಿಕೊಂಡು ದನಿ ತಗ್ಗಿಸಿದ. "ಹೋದ ವರ್ಷ ಪ್ರಾಕ್ಟೀಸಲ್ಲಿ ನಮ್ ಪಕ್ಕದ ಗನ್‌ದು ಹಂಗೇ ಆಯ್ತು. ಬಾಯಿಂದ ಆಚೆ ಬರ್ತಿದ್ದಂಗೇ ಸಿಡೀತು. ಪುಣ್ಯ, ಯಾರೂ ಹೋಗ್ಲಿಲ್ಲ. ಒಬ್ಬನ ಕಿವಿ ಹೋಯ್ತು. ನಮ್ ಗದಗ ಕಡೆ ಹುಡುಗ. ಸಂಜೆ ಬರ್ತಾನೆ, ನೀವೇ ನೋಡ್ತೀರಲ್ಲ."

"ಯಾಕ್ ಹಂಗಾಯ್ತು?"

"ಯಾರಿಗ್ ಗೊತ್ತು. ಹಳೇ ಲಾಟ್ ಅಂತಿದ್ರು. ಹತ್ತು ವರ್ಷದ್ದೆಲ್ಲ ಗೋಡೌನಲ್ಲಿ ಇರುತ್ತೆ."

ಹತ್ತು ವರ್ಷ. ನಾನು ಬೆರಳು ಮಡಚಿ ಎಣಿಸಿದೆ, ಮತ್ತೆ ಎಣಿಸಿದೆ. ಎಷ್ಟು ಸಲ ಎಣಿಸಿದರೂ ಲೆಕ್ಕ ಆ ಮಧ್ಯಾಹ್ನಕ್ಕೇ ಬಂದು ನಿಲ್ಲುತ್ತಿತ್ತು.

ಗದಗದ ಯೋಧ ಸಂಜೆ ನಾವಿದ್ದ ಅತಿಥಿಗೃಹಕ್ಕೆ ಫ್ಲಾಸ್ಕಿನಲ್ಲಿ ಚಹಾ ತಂದ. ಇಪ್ಪತ್ತೇಳು ಇಪ್ಪತ್ತೆಂಟರ ಪ್ರಾಯ, ಅಗಲ ಮುಖ. ಕನ್ನಡ ಮಾತು ಕೇಳಿಯೇ ಅವನ ಮುಖ ಅರಳಿತ್ತು. "ಚಾ ಕುಡೀರಿ ಯಕ್ಕಾ, ಬಿಸಿ ಐತ್ರಿ" ಎಂದ. ನಾನು ಏನೋ ಕೇಳಿದೆ. ಅವನು ನಗುತ್ತಲೇ ಇಡೀ ಮೈಯನ್ನು ತಿರುಗಿಸಿ ಬಲಗಡೆಯ ಕಿವಿಯನ್ನು ನನ್ನ ಕಡೆಗೆ ತಂದ. "ಈ ಎಡಗಡಿ ಕಿವಿ ಕೇಳಂಗಿಲ್ರಿ. ಈ ಕಡಿಯಿಂದ ಮಾತಾಡ್ರಿ." ನಾನು ಏನು ಕೇಳಿದ್ದೆ ಎಂಬುದೇ ನನಗೆ ಮರೆತುಹೋಯಿತು. ಅಮ್ಮ ಅವನ ತಲೆ ಸವರಿ ಊರು, ಮನೆ, ಹೊಲ ಎಲ್ಲ ವಿಚಾರಿಸಿದಳು. ನಾನು ಚಹಾದ ಲೋಟವನ್ನು ಹಿಡಿದು ಕಿಟಕಿಯ ಹೊರಗೆ ನೋಡುತ್ತ ಕೂತೆ. ನನಗೆ ಚಳಿ ಎಂದುಕೊಂಡು ತಮ್ಮ ತನ್ನ ಜಾಕೆಟ್ ತಂದು ಹೊದಿಸಿದ.

ಮರುದಿನ ಕಾರ್ಗಿಲ್ ಪಟ್ಟಣದಾಚೆ, ಗಡಿ ರೇಖೆಗೆ ಹತ್ತಿರವಿರುವ ಒಂದು ಹಳೆಯ ಊರಿಗೆ ಹೋದೆವು. ಯುದ್ಧಕ್ಕೆ ಹೆದರಿ ಜನ ಬಿಟ್ಟುಹೋದ ಕಲ್ಲಿನ ಮನೆಗಳನ್ನು ಈಗ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಮಸಿ ಹಿಡಿದ ಒಲೆ, ಮಕ್ಕಳ ಬೂಟು, ಆಚೆ ದೇಶದ ಪಾಲಾದ ನಂಟರು ಬರೆದ ಪತ್ರಗಳು, ಗೋಡೆಯಿಂದ ಕಿತ್ತು ತೆಗೆದ ಶೆಲ್ಲಿನ ಚೂರುಗಳು. ನಾನು ಚೂರುಗಳಿದ್ದ ಗೂಡಿನ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ನಿಂತು ತಮ್ಮನಿಗೆ ಹೇಳಿಬಿಡಲೇ, ಬೇಡವೇ ಎಂದು ಒದ್ದಾಡುತ್ತಿದ್ದೆ. ಹೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿ ತಿರುಗಿದರೆ ಅಮ್ಮ ಇಲ್ಲ.

ಅವಳು ಮನೆಗಳ ಹಿಂದಿನ ಇಳಿಜಾರಿನಲ್ಲಿದ್ದಳು. ಕಾಲುದಾರಿ ಬಿಟ್ಟು ಇಪ್ಪತ್ತು ಹೆಜ್ಜೆ ಆಚೆ, ಯಾವುದೋ ನೇರಳೆ ಬಣ್ಣದ ಹೂ ಕೀಳಲು ಬಗ್ಗಿದ್ದಳು. ದಾರಿಯ ಪಕ್ಕದಲ್ಲೇ ಕೆಂಪು ಹಲಗೆ. ಅದರ ಮೇಲೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಉರ್ದುವಿನಲ್ಲಿ ಬರೆದಿತ್ತು. ಕನ್ನಡದಲ್ಲಿ ಇರಲಿಲ್ಲ. ಸಿಡಿಯದೆ ಉಳಿದ ಶೆಲ್‌ಗಳಿವೆ, ದಾರಿ ಬಿಟ್ಟು ಹೋಗಬೇಡಿ.

ತಮ್ಮ ಕೂಗಿದ, "ಅಮ್ಮಾ! ಅಲ್ಲೇ ನಿಲ್ಲು! ಕಾಲು ಎತ್ಬೇಡ!"

"ಯಾಕ್ಲಾ? ವೂವು ಕಣೋ," ಎಂದು ಅಮ್ಮ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು.

"ಅಲ್ಲಾಡ್ಬೇಡ ಅಂದ್ನಲ್ಲಮ್ಮಾ!"

ಅವನ ದನಿ ಕೇಳಿ ಅವಳಿಗೆ ಏನೋ ಅರ್ಥವಾಯಿತು. ಹೂ ಹಿಡಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ತಮ್ಮ ನನಗೆ ಇಲ್ಲೇ ಇರು ಎಂದು ಸನ್ನೆ ಮಾಡಿ ಇಳಿದ. ಒದ್ದೆ ಮಣ್ಣಿನ ಮೇಲೆ ಅಮ್ಮನ ಚಪ್ಪಲಿಯ ಗುರುತು ಬಿದ್ದಿತ್ತು. ಒಂದೊಂದು ಗುರುತಿನ ಮೇಲೂ ತನ್ನ ಕಾಲನ್ನು ಇಡುತ್ತ, ನಿಂತು ನೆಲ ನೋಡುತ್ತ, ಮತ್ತೆ ಇಡುತ್ತ ಹೋದ. ಆ ಇಪ್ಪತ್ತು ಹೆಜ್ಜೆಯನ್ನು ನಾನು ಬಾಯಿ ಬಿಟ್ಟು ಎಣಿಸಿದೆ. ಅಲ್ಲಿ ಮಣ್ಣಿನೊಳಗೆ ಮಲಗಿರುವುದು ಯಾವ ದೇಶದ್ದೋ, ಯಾವ ಕಾಲದ್ದೋ. ಆದರೆ ಎಲ್ಲೋ ಒಂದು ಮೇಜಿನಲ್ಲಿ ಯಾರೋ ಅಳೆದು, ಸಹಿ ಹಾಕಿ ಕಳಿಸಿದ ವಸ್ತುವೇ ಅದು. ನನಗೆ ಆಗ ಕಂಡದ್ದು ನನ್ನ ಸಹಿ. ತಮ್ಮ ಅಮ್ಮನನ್ನು ಮುಟ್ಟಿದ. ತಾನು ಹಿಂದೆ ಹಿಂದಕ್ಕೆ ನಡೆಯುತ್ತ, ಅವಳ ಎರಡೂ ಕೈ ಹಿಡಿದು, ಪುಟ್ಟ ಮಗುವಿಗೆ ನಡೆಯಲು ಕಲಿಸುವ ಹಾಗೆ ಅದೇ ಗುರುತುಗಳ ಮೇಲೆ ದಾರಿಗೆ ತಂದ. ಬಂದವನು ಕಲ್ಲಿನ ಮೇಲೆ ಕುಸಿದು ಕೂತು ಅಮ್ಮನನ್ನು ಬಾಯಿಗೆ ಬಂದಂತೆ ಬೈದ. ಅಮ್ಮ ಅಳಲಿಲ್ಲ. ನಾನು ಅತ್ತೆ.

ಆ ಸ್ಥಿತಿಯಲ್ಲಿ ಅವನಿಗೆ ಏನನ್ನೂ ಹೇಳಲಾಗಲಿಲ್ಲ. ಹೇಳದೆಯೇ ಬೆಂಗಳೂರಿಗೆ ಬಂದೆ.

ಬಂದ ಮೇಲೆ ಮೂರು ವಾರ ನಾನು ಬದುಕಿದ ರೀತಿ ನನಗೇ ನೆನೆಯಲು ಇಷ್ಟವಿಲ್ಲ. ತಮ್ಮನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು, ಬಾರದಿದ್ದರೆ ಇನ್ನೂ ಹೆಚ್ಚು. ಪೀಣ್ಯದಲ್ಲಿ ಪ್ರೆಸ್ ಮೆಷಿನ್ನು ಬಡಿಯುವ ಸದ್ದು ಹುಟ್ಟಿದಾಗಿನಿಂದ ಕೇಳಿದವಳು ನಾನು. ಈಗ ಪ್ರತಿ ಬಡಿತಕ್ಕೂ ಬೆಚ್ಚುತ್ತಿದ್ದೆ. ಹಳೆಯ ವರ್ಕ್‌ಶಾಪ್ ಇದ್ದ ಜಾಗಕ್ಕೆ ಹೋಗಿ ನೋಡಿದೆ. ಅಲ್ಲಿ ಈಗ ಟೈಲ್ಸ್ ಗೋಡೌನ್. ಎದುರಿನ ಕ್ಯಾಂಟೀನಿನವನು ಯೋಚಿಸಿ, "ನಿಮ್ ಸೂಪರ್‌ವೈಸರ್ ರಿಟೈರ್ ಆಗಿ ಬಾಗಲಗುಂಟೇಲೇ ಮನೆ ಕಟ್ಟವ್ರೆ, ಹಾಲಿನ ಬೂತ್ ಹಿಂದೆ" ಎಂದ. ನಮ್ಮ ಮನೆಯಿಂದ ನಾಲ್ಕು ಬೀದಿ. ಇಷ್ಟು ವರ್ಷ ನಾವು ಎದುರಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದೆ. ಅವರು ಅಂಗಳದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ತುಂಬ ಇಳಿದುಹೋಗಿದ್ದರು. ನನ್ನನ್ನು ಗುರುತಿಸಿ, "ಏನಮ್ಮಾ, ಇಷ್ಟ್ ವರ್ಷದ ಮೇಲೆ" ಎಂದು ಕುರ್ಚಿ ಎಳೆದರು. ನಾನು ಕೂರಲಿಲ್ಲ.

"ಸಾರ್, ಅವತ್ತು ನೋ-ಗೋ ಹತ್ತಿದ್ರೂ ನನ್ ಕೈಲಿ ಪಾಸ್ ಮಾಡ್ಸಿದ್ರಲ್ಲ, ಆ ಲೋಟ. ಅದು ಶೆಲ್ಲಿಗೆ ಹಾಕೋದು ಅಂತ ನಿಮ್ಗೆ ಗೊತ್ತಿತ್ತಾ?"

ಅವರ ಕೈಯ ಚೊಂಬು ಅಲ್ಲೇ ನಿಂತಿತು. "ಗೊತ್ತಿತ್ತು" ಎಂದರು.

"ನನ್ ತಮ್ಮ ಅಲ್ಲೇ ಕೆಲಸ ಮಾಡ್ತಾನೆ ಸಾರ್. ಅದನ್ನ ಹಾರಿಸೋ ಕೆಲಸ."

ಅವರು ಮೆಟ್ಟಿಲ ಮೇಲೆ ಕೂತರು. ಚೊಂಬನ್ನು ಪಕ್ಕಕ್ಕಿಟ್ಟು ಹೇಳಿದರು. "ಆ ಮಾಲು ವಾಪಸ್ ಬಂತಮ್ಮ. ಪೂರ್ತಿ. ಶೆಲ್ ಮಾಡೋ ಫ್ಯಾಕ್ಟರಿಯೋರು ಅಲ್ಲಿ ಮತ್ತೆ ಅಳೀತಾರೆ, ನಾವು ಅಳೆದಿದ್ದನ್ನ ನಂಬಲ್ಲ. ಅವ್ರ ಇನ್‌ಸ್ಪೆಕ್ಟರೇ ಬಂದು ನಿಂತು, ಕಣ್ಣ ಮುಂದೆ ಒಂದೊಂದನ್ನೂ ಪ್ರೆಸ್ಸಲ್ಲಿ ಜಜ್ಜಿಸಿದ್ರು. ನಾನೇ ಜಜ್ಜಿದ್ದು. ಅದಕ್ಕೇ ಆರ್ಡರ್ ಹೋಗಿದ್ದು, ಅದಕ್ಕೇ ನಿಮ್ ಐದೂ ಜನಾನ್ನ ತೆಗೆದಿದ್ದು. ಹೊರಗೆ ಬಾಯಿ ಬಿಡ್ಬೇಡ ಅಂತ ಓನರ್ ಹೇಳಿದ್ದ."

ನಾನು ಕುರ್ಚಿ ಹಿಡಿದುಕೊಂಡೆ. "ಖಂಡಿತಾನಾ ಸಾರ್? ಒಂದೂ ಉಳೀಲಿಲ್ವಾ?"

"ಎಣಿಸಿ ಕೊಟ್ಟು, ಎಣಿಸಿ ಜಜ್ಜಿದ್ದು."

"ಅದಕ್ ಮುಂಚೆ ಹೋಗಿದ್ದು?"

"ಅದಕ್ ಮುಂಚೆ ನೀನು ಎಂದಾದ್ರೂ ಸುಳ್ಳು ಸಹಿ ಹಾಕಿದ್ಯಾ?"

"ಇಲ್ಲ."

"ನಾನೂ ಹಾಕ್ಸಿರ್ಲಿಲ್ಲ," ಎಂದರು. ಆಮೇಲೆ ಮುಖ ಎತ್ತದೆ ಹೇಳಿದರು: "ನಿನ್ ಕೈಲಿ ಮಾಡಿಸ್ಬಾರ್ದಿತ್ತು ಕಣಮ್ಮ. ನಾನೇ ಹಾಕ್ಬೇಕಿತ್ತು ಸಹಿ."

ಬೀದಿಗೆ ಬಂದೆ. ಹಾಲಿನ ಬೂತಿನ ಕಟ್ಟೆಯ ಮೇಲೆ ಕೂತು ತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವನು ಪೂರ್ತಿ ಕೇಳಿದ. ಆಮೇಲೆ, "ಅಲ್ಲೇ ಹೇಳ್ಬೇಕಿತ್ತು ನೀನು" ಎಂದ. "ವಾಪಸ್ ಬಂದಿರೋದು ನಿಂಗೆ ಇವತ್ತು ಗೊತ್ತಾಗಿದೆ. ಆವತ್ತು ಗೊತ್ತಿರ್ಲಿಲ್ವಲ್ಲ. ಮೂರು ವಾರದಿಂದ ನಾವು ದಿನಾ ಹಾರಿಸ್ತಿದೀವಿ ಅಕ್ಕ." ಫೋನ್ ಇಟ್ಟ. ಅವನು ಹೇಳಿದ್ದು ನಿಜ. ನಾನು ಅವನಿಗಾಗಿ ಹೆದರಿದೆನೋ, ಅವನ ಮುಂದೆ ಸಣ್ಣವಳಾಗುವುದಕ್ಕೆ ಹೆದರಿದೆನೋ, ಇಂದಿಗೂ ಸರಿಯಾಗಿ ಹೇಳಲಾರೆ. ಎರಡು ತಿಂಗಳು ಅವನು ಅಮ್ಮನ ಜೊತೆ ಮಾತ್ರ ಮಾತಾಡಿದ.

ಆಮೇಲೆ ಒಂದು ದಿನ ಅವನೇ ನನಗೆ ಫೋನ್ ಮಾಡಿದ. ಗದಗದ ಯೋಧನಿಗೆ ಕಿವಿಯ ಕಾರಣಕ್ಕೆ ಸೈನ್ಯದಿಂದ ಬಿಡುಗಡೆಯಾಗಿದೆ, ಯಶವಂತಪುರದಲ್ಲಿ ರೈಲು ಬದಲಿಸಬೇಕು, ಮಧ್ಯೆ ಅರ್ಧ ದಿನ ಇದೆ, ಮನೆಗೆ ಕರೆದು ಊಟ ಹಾಕಿ ಎಂದ. "ಅವನಿಗೆ ಹೇಳ್ಲಾ?" ಎಂದು ಕೇಳಿದೆ. "ನಿನ್ನಿಷ್ಟ" ಎಂದ.

ಅಮ್ಮ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಅವನು ಮುದ್ದೆಯನ್ನು ನುಂಗದೆ ರೊಟ್ಟಿಯ ಹಾಗೆ ಅಗಿಯುತ್ತಿದ್ದ. ಅಮ್ಮ ನಗುತ್ತ ಸಾರು ತರಲು ಒಳಗೆ ಹೋದಾಗ ನಾನು ಹೇಳಲು ಶುರು ಮಾಡಿದೆ. ಗಡಿಬಿಡಿಯಲ್ಲಿ ಅವನ ಎಡಕ್ಕೆ ಕೂತಿದ್ದೆ. "ಏನ್ರಿ ಯಕ್ಕಾ?" ಎಂದ. ಎದ್ದು ಬಲಕ್ಕೆ ಬಂದು, ಅಕ್ಕಪಕ್ಕದ ಮನೆಗೂ ಕೇಳುವಷ್ಟು ಗಟ್ಟಿಯಾಗಿ, ಮೊದಲಿನಿಂದ ಹೇಳಿದೆ.

ಅವನು ಕೈ ತಟ್ಟೆಯಲ್ಲೇ ಇಟ್ಟುಕೊಂಡು ಕೇಳಿದ. "ನಿಮ್ಮ ಮಾಲು ವಾಪಸ್ ಬಂದಿತ್ತಲ್ರಿ. ಬಂದಿತ್ತು ಅಂದ್ರ ಅದು ನಿಮ್ದಲ್ಲ ಬಿಡ್ರಿ," ಎಂದ. ಮುದ್ದೆಯ ಇನ್ನೊಂದು ತುತ್ತು ಮುರಿಯುತ್ತ ಮತ್ತೆ ಹೇಳಿದ, "ಆದ್ರ ಯಾರೋ ಒಬ್ಬರು ಪಾಸ್ ಮಾಡ್ಯಾರಲ್ರಿ ಯಕ್ಕಾ. ಅವ್ರಿಗೆ ಗೊತ್ತೈತೋ ಇಲ್ಲೋ."

ಸಿಟ್ಟಿನಿಂದ ಹೇಳಿದ್ದಲ್ಲ. ಅಷ್ಟರಲ್ಲಿ ಅಮ್ಮ ಬಂದು ಸಾರು ಬಡಿಸಿದಳು.

ಸಂಜೆ ಅವನನ್ನು ಯಶವಂತಪುರ ಸ್ಟೇಷನ್ನಿನ ಬಸ್ಸಿಗೆ ಹತ್ತಿಸಲು ತುಮಕೂರು ರಸ್ತೆಯವರೆಗೆ ಹೋದೆ. ದಾಟುವಾಗ ಎಡಗಡೆಯಿಂದ ಟ್ಯಾಂಕರ್ ಲಾರಿ ಹಾರನ್ ಹೊಡೆಯುತ್ತ ಬಂತು. ಅವನು ತಿರುಗಿಯೂ ನೋಡದೆ ಮುಂದಕ್ಕೆ ಕಾಲಿಟ್ಟಿದ್ದ. ನಾನು ಅವನ ಚೀಲದ ಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದೆ. ಲಾರಿಯ ಗಾಳಿ ಮುಖಕ್ಕೆ ಬಡಿಯಿತು. ಅವನಿಗೆ ನಗು ಬಂತು, ನನಗೆ ಬರಲಿಲ್ಲ. ಬಸ್ಸು ಬರುವ ತನಕ ಆ ಪಟ್ಟಿಯನ್ನು ಕೈಯಿಂದ ಬಿಡಲಿಲ್ಲ.